ಹ್ಯಾಂಡಲ್ ಇಲ್ಲದ ನಾಲ್ಕು ಬಾಗಿಲು

ಕೆಟ್ಟಿದ್ದನ್ನು ಸರಿ ಮಾಡಿಸುವವರು ಬೇರೆ ಗ್ಯಾರೇಜಿಗೆ ಹೋಗುತ್ತಾರೆ. ಸರಿಯಾಗಿರುವುದನ್ನು ಕೀಳಿಸುವವರು ಮಾತ್ರ, ಅದು ಹೇಗೋ, ವಿಳಾಸ ಹುಡುಕಿಕೊಂಡು ನನ್ನ ಶೆಡ್ಡಿಗೇ ಬರುತ್ತಾರೆ. ಇಪ್ಪತ್ತೈದು ವರ್ಷದಿಂದ ಪೀಣ್ಯದಲ್ಲಿ ಕಾರಿನ ಟಿಂಕರಿಂಗ್ ಮಾಡಿಕೊಂಡಿದ್ದೇನೆ. ಇದೇ ಜಾಗದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದರು, ನಾನು ತಗಡು ಬಡಿಯುತ್ತೇನೆ. ತಾತನ ಹತ್ತಿರ ಯಾರೂ ಬಂದು, "ತೆನೆ ಬೇಡ, ಬರೀ ಕಡ್ಡಿ ಬೆಳೆದುಕೊಡಿ, ನೋಡೋಕೆ ಚೆನ್ನಾಗಿರುತ್ತೆ" ಎಂದು ಕೇಳಿರಲಿಕ್ಕಿಲ್ಲ. ಆ ಭಾಗ್ಯ ಮೊಮ್ಮಗನಿಗೆ ಸಿಕ್ಕಿತು.

ಒಬ್ಬರು ಒಳ್ಳೇ ಜೀಪಿನ ಚಾವಣಿ ಕತ್ತರಿಸಿಕೊಂಡು ಹೋದರು. ಜೂನ್ ತಿಂಗಳಲ್ಲಿ ಒಂದು ಕೈಯಲ್ಲಿ ಸ್ಟೇರಿಂಗು, ಒಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ವಾಪಸ್ ಬಂದರು. ಅಂಥವು ಎಷ್ಟೋ ಇವೆ. ಆದರೆ ಒಂದೇ ಕಾರು ಇಷ್ಟೊಂದು ಸಲ ನಗಿಸಿ ನಗಿಸಿ ನನ್ನ ಹೊಟ್ಟೆ ಹುಣ್ಣಾಗಿಸಿದ್ದು ಇದೊಂದೇ.

೧. ಕ್ಲೀನ್ ಲುಕ್

ಒಂದು ಭಾನುವಾರ ಬೆಳಿಗ್ಗೆ ಹಾಲಿನ ಬಿಳಿ ಬಣ್ಣದ ಹಳೇ ಅಂಬಾಸಿಡರ್ ಬಂದು ಶೆಡ್ಡಿನ ಮುಂದೆ ನಿಂತಿತು. ಇಳಿದವರು ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆಯವರು. ನಲವತ್ತರ ಆಚೀಚೆ ವಯಸ್ಸು. ರಜಾ ದಿನವೂ ಕುತ್ತಿಗೆಯಿಂದ ಐಡಿ ಕಾರ್ಡು ಇಳಿದಿರಲಿಲ್ಲ. ಇವರನ್ನು ನಾವು ಶೆಡ್ಡಿನಲ್ಲಿ ಸಾಹೇಬ್ರು ಅನ್ನುತ್ತಿದ್ದೆವು, ಇಲ್ಲೂ ಹಾಗೇ ಅನ್ನುತ್ತೇನೆ.

ಕಾರನ್ನು ಒಂದು ಸುತ್ತು ಹಾಕಿ ನೋಡಿದೆ. ಬ್ರೇಕು ಎರಡು ಸಲ ತುಳಿದರೆ ಒಂದು ಸಲ ಹಿಡಿಯುತ್ತಿತ್ತು. ಎರಡು ವೈಪರಿನಲ್ಲಿ ಒಂದು ನಿವೃತ್ತಿ ಪಡೆದಿತ್ತು. ಇಡೀ ಗಾಡಿಯಲ್ಲಿ ಕಾರ್ಖಾನೆಯಿಂದ ಬಂದ ದಿನದಷ್ಟೇ ಗಟ್ಟಿಯಾಗಿ ಉಳಿದಿದ್ದದ್ದು ನಾಲ್ಕು ಬಾಗಿಲಿನ ನಾಲ್ಕು ಹ್ಯಾಂಡಲ್ ಮಾತ್ರ.

"ಹೇಳಿ ಸಾರ್, ಬ್ರೇಕಾ?" ಎಂದೆ.

"ಬ್ರೇಕ್ ಇರ್ಲಿ ಬಿಡಿ. ಹ್ಯಾಂಡಲ್ ತೆಗೀಬೇಕು."

"ಯಾಕ್ ಸಾರ್, ಲೂಸಾಗಿದೆಯಾ?"

"ಇಲ್ಲ, ಚೆನ್ನಾಗಿದೆ."

"ಬೇರೆ ಮಾಡಲ್ ಹಾಕ್ಬೇಕಾ?"

"ಏನೂ ಹಾಕ್ಬಾರ್ದು. ತೆಗೆದು, ತೂತು ಮುಚ್ಚಿ, ಅಲ್ಲಿ ಹ್ಯಾಂಡಲ್ ಅನ್ನೋದು ಇತ್ತು ಅಂತಾನೇ ಗೊತ್ತಾಗ್ಬಾರ್ದು. ಕೀ ಹಾಕೋ ತೂತೂ ಬೇಡ. ಕ್ಲೀನ್ ಲುಕ್."

ನನ್ನ ಜೊತೆ ಒಬ್ಬರು ಪೇಂಟರ್ ಇದ್ದಾರೆ, ಸಿಂದಗಿ ಕಡೆಯವರು. ಹದಿನೈದು ವರ್ಷದ ಹಿಂದೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು, ಗೋಡೆಯಿಂದ ಕಾರಿಗೆ ಬಡ್ತಿ ಪಡೆದು ನನ್ನ ಹತ್ತಿರ ನಿಂತರು. ಮಾತು ಕಡಿಮೆ. ಆಡಿದರೆ ಪ್ರೈಮರ್ ಗ್ರೈಮರ್ ಏನಿಲ್ಲ, ನೇರ ಬಣ್ಣ. ಅವರು ಮೂಲೆಯಿಂದ ಕೇಳಿದರು: "ಅಲ್ರೀ ಸರ, ಹಂಗಾದ್ರ ಬಾಗಲಾ ತೆಗ್ಯಾಕ ಏನ್ ಮಾಡ್ತೀರಿ? ಹಾಡು ಹೇಳ್ತೀರೇನು?"

"ರಿಮೋಟ್" ಎಂದರು ಸಾಹೇಬ್ರು. "ಜೇಬಲ್ಲೇ ಒತ್ತಿದ್ರೆ ಆಯ್ತು, ಬಾಗಿಲು ತಾನೇ ತೆರ್ಕೊಳ್ಳುತ್ತೆ. ಫಾರಿನ್‌ನಲ್ಲಿ ಹಳೇ ಕಾರಿಗೆಲ್ಲ ಹಿಂಗೇ ಮಾಡ್ಸೋದು. ಹ್ಯಾಂಡಲ್ ಅನ್ನೋದು ಕಣ್ಣಿಗೆ ಡಿಸ್ಟರ್ಬೆನ್ಸ್ ಕಣ್ರೀ."

"ಬಣ್ಣ ಯಾವುದು ಸಾರ್?"

"ಅದೇ ಬಿಳಿ. ಬಣ್ಣ ಮುಟ್ಬೇಡಿ. ನನಗೆ ಒರಿಜಿನಾಲಿಟಿ ತುಂಬಾ ಮುಖ್ಯ."

ಇಷ್ಟು ಕೇಳಿದ ಮೇಲೆ ತಡೆಯಲಾಗಲಿಲ್ಲ. "ಸಾರ್, ಆಫೀಸಲ್ಲಿ ತಾವು ಏನ್ ಕೆಲಸ ಮಾಡ್ತೀರಾ?" ಎಂದು ಕೇಳಿಬಿಟ್ಟೆ.

"ಆ್ಯಪ್ ಡಿಸೈನ್. ಎಲ್ಲಿ ಒತ್ಬೇಕು, ಹೆಂಗೆ ಒಳಗೆ ಹೋಗ್ಬೇಕು ಅಂತ ಜನಕ್ಕೆ ಒಂದು ಸೆಕೆಂಡೂ ಕನ್‌ಫ್ಯೂಸ್ ಆಗ್ಬಾರ್ದು. ಅದನ್ನ ನೋಡ್ಕೊಳ್ಳೋ ಟೀಮ್‌ಗೆ ನಾನೇ ಹೆಡ್."

ಪೇಂಟರ್ ಗೋಡೆ ಕಡೆಗೆ ತಿರುಗಿಕೊಂಡು ಖಾಲಿ ಡಬ್ಬದಲ್ಲಿ ಕಡ್ಡಿ ಆಡಿಸತೊಡಗಿದರು.

೨. ತುರ್ತು ದ್ವಾರ

ಹ್ಯಾಂಡಲ್ ಕೀಳುವುದು ಎರಡು ಬೋಲ್ಟಿನ ಕೆಲಸ. ಅದು ಅಲ್ಲಿತ್ತು ಅನ್ನುವುದನ್ನು ಮರೆಸುವುದು ಮೂರು ವಾರದ ಕೆಲಸ. ತೂತಿನ ಅಳತೆಗೆ ತಗಡು ಕತ್ತರಿಸಿ ಕೂರಿಸಬೇಕು. ಅವಸರಪಟ್ಟು ಒಂದೇ ಉಸಿರಿಗೆ ವೆಲ್ಡಿಂಗ್ ಎಳೆದರೆ ಬಿಸಿಗೆ ಬಾಗಿಲು ಹಪ್ಪಳದ ಹಾಗೆ ಎದ್ದು ಕೂರುತ್ತದೆ. ಹಾಗಾಗಿ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಒದ್ದೆ ಬಟ್ಟೆ. ಅಣ್ಣತಮ್ಮಂದಿರ ಜಗಳ ಬಿಡಿಸಿದ ಹಾಗೆ ನಿಧಾನಕ್ಕೆ ಒಂದು ಮಾಡಬೇಕು. ಆಮೇಲೆ ಉಜ್ಜು, ಪುಟ್ಟಿ ಹಚ್ಚು, ಮತ್ತೆ ಉಜ್ಜು. ಪೇಂಟರ್ ಕಣ್ಣು ಮುಚ್ಚಿಕೊಂಡು ಬಾಗಿಲ ಮೇಲೆ ಅಂಗೈ ಆಡಿಸಿ, "ಇಲ್ಲಿ ಇನ್ನಾ ಸ್ವಲ್ಪ ಉಬ್ಬೈತಿ" ಅನ್ನುತ್ತಿದ್ದರು. ನಾನು ಕಣ್ಣು ಬಿಟ್ಟು ನೋಡಿದರೂ ಕಾಣುತ್ತಿರಲಿಲ್ಲ.

ಬಾಗಿಲೊಳಗೆ ಕೊಂಡಿ ಎಳೆಯುವ ಪುಟ್ಟ ಮೋಟರು ಕೂರಿಸಿದ್ದು ಪಕ್ಕದ ಶೆಡ್ಡಿನ ಎಲೆಕ್ಟ್ರಿಷಿಯನ್. ಅತ್ತಿಬೆಲೆಯವನು. ಅವನಿಗೆ ಜಗತ್ತಿನಲ್ಲಿ ಗೊತ್ತಿಲ್ಲದ್ದು ಅಂತ ಇನ್ನೂ ಏನೂ ಸಿಕ್ಕಿಲ್ಲ. "ಮಚ್ಚಾ, ಇದೆಲ್ಲ ನಂಗೆ ಮಕ್ಕಳಾಟ" ಎಂದ. ರಿಮೋಟ್ ಒತ್ತಿದರೆ ಮೋಟರು ಕೊಂಡಿ ಎಳೆಯಬೇಕು, ಒಂದು ಸ್ಪ್ರಿಂಗು ಬಾಗಿಲನ್ನು ಹೊರಕ್ಕೆ ನೂಕಬೇಕು. ದಾರಿಯಲ್ಲಿ ಹೋಗುವಾಗ ತೆರೆದುಕೊಳ್ಳದ ಹಾಗೆ, ಎಂಜಿನ್ ಆಫ್ ಆಗಿದ್ದರೆ ಮಾತ್ರ ಕೆಲಸ ಮಾಡುವ ಹಾಗೆ ತಂತಿ ಜೋಡಿಸಿದ. ಎಲ್ಲ ಚೆನ್ನಾಗಿತ್ತು.

ಕೊನೇ ದಿನ ಬ್ಯಾಟರಿ ಬಿಚ್ಚಿ ಪಕ್ಕದ ಶೆಡ್ಡಿಗೆ ಚಾರ್ಜಿಗೆ ಕಳಿಸಿದೆವು. ಅಷ್ಟರಲ್ಲಿ ಕಾರು ಒರೆಸಿ ಹೊಳಪು ಕೊಡೋಣ ಎಂದು ಪೇಂಟರ್ ಬಾನೆಟ್ ಮುಚ್ಚಿದರು. ನಾಲ್ಕು ಬಾಗಿಲನ್ನೂ ಒಂದೊಂದಾಗಿ ಪ್ರೀತಿಯಿಂದ ಮುಚ್ಚಿದರು. ಗಾಜುಗಳು ಮೊದಲೇ ಮೇಲಿದ್ದವು. ಒರೆಸಿ ಒರೆಸಿ, ಮುಖ ಕಾಣುವಷ್ಟು ಹೊಳಪು ಬಂತು. ಚಾರ್ಜ್ ಆದ ಬ್ಯಾಟರಿಯೂ ಬಂತು.

"ಬಾನೆಟ್ ತೆಗೀರಿ" ಎಂದ ಎಲೆಕ್ಟ್ರಿಷಿಯನ್.

ಬಾನೆಟ್ಟಿನ ಲಿವರ್ ಕಾರಿನ ಒಳಗೆ ಇತ್ತು. ಕಾರಿನ ಒಳಗೆ ಹೋಗಲು ಬಾಗಿಲು ತೆಗೆಯಬೇಕು. ಬಾಗಿಲು ತೆಗೆಯಲು ಬ್ಯಾಟರಿ ಬೇಕು. ಬ್ಯಾಟರಿ ಹಾಕಲು ಬಾನೆಟ್ ತೆಗೆಯಬೇಕು. ನಾವು ಮೂವರು, ಮೂವರದ್ದೂ ಸೇರಿದರೆ ಅರುವತ್ತು ವರ್ಷದ ಅನುಭವ, ನಮ್ಮದೇ ಕೆಲಸದ ಹೊರಗೆ ಸುಮ್ಮನೆ ನಿಂತಿದ್ದೆವು.

"ಗಾಜು ಒಡೆದ್ರೆ?" ಎಂದೆ.

"ಈ ಕಾರಿನ ಗಾಜು ಹುಡ್ಕೋಕೆ ನೀನು ಮ್ಯೂಸಿಯಂಗೆ ಹೋಗ್ಬೇಕು ಗುರು" ಎಂದ ಎಲೆಕ್ಟ್ರಿಷಿಯನ್. ಗೊತ್ತಿಲ್ಲದ್ದು ಏನೂ ಇಲ್ಲದವನು ಅಂದೆನಲ್ಲ.

ದೇವರು ದೊಡ್ಡವನು, ಡಿಕ್ಕಿಗೆ ಬೇರೆ ಕೀ ಇತ್ತು. ನಮ್ಮಲ್ಲಿ ಸಣ್ಣಗಿದ್ದವರು ಪೇಂಟರ್. ಡಿಕ್ಕಿಯೊಳಗೆ ತೂರಿ, ಹಿಂದಿನ ಸೀಟಿನ ಬೆನ್ನನ್ನು ಒಳಗಿಂದ ಒತ್ತಿ ಕಳಚಿ ಅವರು ಅರ್ಧ ಒಳಗೆ ಹೋಗಿದ್ದಾರೆ, ಚಪ್ಪಲಿ ಸಮೇತ ಎರಡು ಕಾಲು ಮಾತ್ರ ಹೊರಗೆ ಆಡುತ್ತಿವೆ. ಆಗ ಬೆನ್ನ ಹಿಂದೆ ಸಾಹೇಬ್ರ ದನಿ ಕೇಳಿಸಿತು. "ಮೀಟಿಂಗ್ ಕ್ಯಾನ್ಸಲ್ ಆಯ್ತು, ಹಂಗೇ ನೋಡ್ಕೊಂಡು ಹೋಗೋಣ ಅಂತ ಬಂದೆ. ಏನ್ರೀ ಇದು, ಕಾಲು?"

ನಾನು ಬಾಯಿ ತೆರೆಯುವ ಮೊದಲೇ ಡಿಕ್ಕಿಯ ಒಳಗಿಂದ ಉತ್ತರ ಬಂತು: "ಎಮರ್ಜೆನ್ಸಿ ಎಂಟ್ರಿ ಟೆಸ್ಟ್ ಮಾಡಾಕತ್ತೀವ್ರೀ ಸರ. ಪಾಸಾಗೈತಿ."

೩. ಸ್ವಾಮಿ ಕಳಿಸಿದ ಗಾಡಿ

ಕಾರು ಕೊಡುವ ದಿನ ಶೆಡ್ಡಿನ ಹತ್ತಿರದ ಗಣಪತಿ ದೇವಸ್ಥಾನದಲ್ಲೇ ಪೂಜೆ ಆಗಲಿ ಎಂದರು ಸಾಹೇಬ್ರು. ಅರ್ಚಕರು ಬಾನೆಟ್ಟಿಗೆ ಹೂವು ಹಾಕಿದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದವರು ಹಿಡಿ ಹುಡುಕಿದರು. ಎಡಗಡೆ ಇಲ್ಲ. ಬಲಗಡೆ ನೋಡಿದರು, ಅಲ್ಲೂ ಇಲ್ಲ. "ಬಾಗಿಲ ಹಿಡಿಗೆ ಕುಂಕುಮ ಇಡಬೇಕಿತ್ತು, ಎಲ್ಲಿದೆ ಅದು?" ಎಂದರು.

ಸಾಹೇಬ್ರಿಗೆ ಬೇಕಾಗಿದ್ದದ್ದು ಇಂಥ ಒಂದು ಪ್ರಶ್ನೆಯೇ. ಜೇಬಿಗೆ ಕೈ ಹಾಕಿ ಒತ್ತಿದರು. ನಾಲ್ಕು ಬಾಗಿಲೂ ಒಟ್ಟಿಗೆ 'ಫಟ್' ಎಂದು ತೆರೆದುಕೊಂಡವು. ಅರ್ಚಕರು ಮೂರು ಹೆಜ್ಜೆ ಹಿಂದಕ್ಕೆ ಹಾರಿದರು. ಕುಂಕುಮವೆಲ್ಲ ಎಲೆಕ್ಟ್ರಿಷಿಯನ್ ತಲೆಗೆ ಅಭಿಷೇಕವಾಯಿತು.

ಅಷ್ಟು ಹೊತ್ತೂ ಪ್ರದಕ್ಷಿಣೆ ಹಾಕುತ್ತಿದ್ದ ಒಬ್ಬ ಅಜ್ಜಿ ನಿಂತು ನೋಡಿತು. ಕೈ ಮುಗಿಯಿತು. ಮೆಟ್ಟಿಲಿಳಿದು ಬಂದು, ಸೆರಗು ಸರಿ ಮಾಡಿಕೊಂಡು, ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಿತು.

"ಅಜ್ಜಿ, ಇದು ನಮ್ಮ ಕಾರು, ಸ್ವಲ್ಪ ಇಳೀರಿ" ಎಂದರು ಸಾಹೇಬ್ರು.

"ಮಂಡಿ ನೋವು, ನಡಿಯಾಕಾಗಾಕಿಲ್ಲ ಅಂತ ಈಗ ತಾನೆ ಬೇಡ್ಕಂಡೆ. ಸ್ವಾಮೀನೇ ಬಾಗ್ಲು ತೆಗ್ದು ಕೂತ್ಕ ಅಂದವ್ನೆ. ಇಳಿ ಅನ್ನಾಕೆ ನೀನ್ಯಾವನಪ್ಪ? ನಡಿ, ಲಗ್ಗೆರೆಗೆ ಬಿಡು."

ಹ್ಯಾಂಡಲ್ ತೆಗೆಸಿದ ಕಾರಿನ ಮೊದಲ ಪ್ರಯಾಣ ಲಗ್ಗೆರೆಗೇ ಆಯಿತು.

೪. ನಮಸ್ಕಾರ ಮಾಡುವ ಕಾರು

ವಾರ ಕಳೆದಿತ್ತು. ಸಾಹೇಬ್ರ ಫೋನು. "ಏನೋ ಪ್ರಾಬ್ಲಮ್ ಆಗಿದೆ, ಎಲೆಕ್ಟ್ರಿಷಿಯನ್‌ನೂ ಕರ್ಕೊಂಡು ಆಫೀಸಿಗೆ ಬನ್ನಿ." ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗುವುದೆಂದರೆ ಊಟ ಕಟ್ಟಿಕೊಂಡು ಹೋಗುವ ಪ್ರಯಾಣ. ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ತಲುಪಿದೆವು.

ಅಲ್ಲಿನ ಸೆಕ್ಯೂರಿಟಿಯವರು ರಾಯಚೂರು ಕಡೆಯವರು. ಸಾಹೇಬ್ರ ಕಾರಿನ ಹೆಸರು ಎತ್ತಿದ್ದೇ ಅವರ ಮುಖ ಗಂಭೀರವಾಯಿತು. "ಆ ಗಾಡಿ ಬಾಳ ಸಂಸ್ಕಾರ ಇರಾದ್ರೀ. ಯಾರು ಬಂದ್ರೂ ಎದ್ದು ನಮಸ್ಕಾರ ಮಾಡ್ತೈತ್ರಿ" ಎಂದರು.

ತಮಾಷೆ ಅಂದುಕೊಂಡೆ. ಅಷ್ಟರಲ್ಲಿ ಒಂದು ಕಾರು ಗೇಟಿಗೆ ಬಂತು. ಇವರು ಕೈಯಲ್ಲಿದ್ದ ರಿಮೋಟ್ ಒತ್ತಿದರು. ಗೇಟಿನ ಅಡ್ಡಗಂಬ ಮೇಲೆದ್ದಿತು. ಜೊತೆಗೇ, ಅಲ್ಲಿ ಮೊದಲ ಸಾಲಿನಲ್ಲಿ ನಿಂತಿದ್ದ ಅಂಬಾಸಿಡರಿನ ನಾಲ್ಕೂ ಬಾಗಿಲು 'ಫಟ್' ಎಂದು ತೆರೆದುಕೊಂಡವು. ಸೆಕ್ಯೂರಿಟಿಯವರು ಹೋಗಿ ನಾಲ್ಕನ್ನೂ ಮುಚ್ಚಿ ಬಂದರು. ಇನ್ನೊಂದು ಕಾರು ಬಂತು. ಕಂಬ ಎದ್ದಿತು, ಬಾಗಿಲು ತೆರೆದವು. ಅವರು ಮತ್ತೆ ಹೋದರು.

"ಬೆಳಗಿನಿಂದ ಇದೇ ಆಗೇದ ನೋಡ್ರಿ. ಒಬ್ಬರನ್ನೂ ಬಿಡಂಗಿಲ್ಲ. ಎಂ.ಡಿ. ಬಂದಾಗೂ ಮಾಡ್ತು, ನೀರಿನ ಟ್ಯಾಂಕರ್ ಬಂದಾಗೂ ಮಾಡ್ತು. ಭೇದಭಾವ ಇಲ್ರೀ ಅದಕ."

ಎಲೆಕ್ಟ್ರಿಷಿಯನ್ ಸಾಹೇಬ್ರ ರಿಮೋಟೂ ತರಿಸಿಕೊಂಡು, ಎರಡನ್ನೂ ತಿರುಗಿಸಿ ನೋಡಿ, "ಎರಡರದ್ದೂ ಕೋಡ್ ಒಂದೇ ಮಚ್ಚಾ" ಎಂದ. ಹೇಳುವ ಧಾಟಿಗೆ ಇದು ಅವನ ಸಾಧನೆಯೇನೋ ಅನ್ನಿಸಬೇಕು. ಆಮೇಲೆ ಗೊತ್ತಾಯಿತು, ಈ ಸಂಬಂಧ ಎರಡೂ ಕಡೆಯದ್ದು. ಸಾಹೇಬ್ರು ತಮ್ಮ ಕಾರು ತೆಗೆಯಲು ಒತ್ತಿದಾಗೆಲ್ಲ ಗೇಟೂ ಎದ್ದು ನಿಲ್ಲುತ್ತಿತ್ತು. ಹಿಂದಿನ ದಿನ ಸಂಜೆ ಅವರು ಸಹೋದ್ಯೋಗಿಗಳನ್ನು ಸುತ್ತ ನಿಲ್ಲಿಸಿಕೊಂಡು ಹತ್ತು ಹದಿನೈದು ಸಲ ಪ್ರದರ್ಶನ ಕೊಟ್ಟಿದ್ದರಂತೆ. ಅಷ್ಟು ಹೊತ್ತೂ ಗೇಟಿಗೆ ಹುಚ್ಚು ಹಿಡಿದಿದೆ ಎಂದು ಸೆಕ್ಯೂರಿಟಿಯವರು ರಿಜಿಸ್ಟರಿನಲ್ಲಿ ಬರೆದಿದ್ದರು.

ಕೋಡ್ ಬದಲಾಯಿಸಿ ಹೊರಡುವಾಗ ನೋಡುತ್ತೇವೆ, ಹಿಂದಿನ ಸೀಟಿನಲ್ಲಿ ಒಂದು ಬೀದಿನಾಯಿ ಕಾಲು ಚಾಚಿ ಮಲಗಿದೆ. ಸಾಹೇಬ್ರು ಓಡಿ ಬಂದು ಸೆಕ್ಯೂರಿಟಿಯವರನ್ನು ತರಾಟೆಗೆ ತೆಗೆದುಕೊಂಡರು. "ನಾಯಿ ಹತ್ತೋವರೆಗೂ ಏನ್ ಮಾಡ್ತಿದ್ರಿ?"

"ಸರ, ಬಾಗಲಾ ನಿಮ್ಮ ಕಾರೇ ತೆಗೀತು. ನಿಮ್ಮ ಗೆಸ್ಟ್ ಅಂತ ತಿಳಕೊಂಡೆ" ಎಂದರು ಅವರು.

೫. ಮೇಡಂ ಬಂದರು

ಅದಾಗಿ ಸ್ವಲ್ಪ ದಿನಕ್ಕೆ ಸಾಹೇಬ್ರ ಮನೆಯವರು ಶೆಡ್ಡಿಗೆ ಬಂದರು. ಸಾಹೇಬ್ರು ಹಿಂದೆ ಇದ್ದರು, ಪ್ರಿನ್ಸಿಪಾಲರ ರೂಮಿಗೆ ಕರೆಸಿಕೊಂಡವರ ಹಾಗೆ.

"ನೀವೇನ್ರೀ ಹ್ಯಾಂಡಲ್ ಕಿತ್ತಿದ್ದು?" ಎಂದರು ಮೇಡಂ.

"ಹೇಳಿದ್ದು ಸಾರು, ಮೇಡಂ" ಎಂದೆ. ನಮ್ಮ ಕಸುಬಿನಲ್ಲಿ ಇಪ್ಪತ್ತೈದು ವರ್ಷ ಬಾಳಬೇಕಾದರೆ ಇಷ್ಟು ಧೈರ್ಯ ಬೇಕು.

ನಡೆದದ್ದು ಇಷ್ಟು. ಹಿಂದಿನ ದಿನ ತರಕಾರಿ ಮಾರ್ಕೆಟ್ಟು. ಸಾಹೇಬ್ರು ಕಾರಿನಲ್ಲೇ ಕೂತು ಆಫೀಸಿನ ಕಾಲ್‌ನಲ್ಲಿದ್ದರು. ಮೇಡಂ ಎರಡು ಕೈಯಲ್ಲೂ ಚೀಲ ಹಿಡಿದು ಬಂದರೆ ಬಾಗಿಲಿಗೆ ಹಿಡಿಯಿಲ್ಲ. ಮೊಣಕೈಯಲ್ಲಿ ಗಾಜು ತಟ್ಟಿದರು. ಸಾಹೇಬ್ರು ಒಳಗಿಂದ ಎರಡು ಬೆರಳು ತೋರಿಸಿದರು, ಎರಡು ನಿಮಿಷ ಅಂತ. ಬಿಸಿಲು. ಚೀಲದಲ್ಲಿ ಕುಂಬಳಕಾಯಿ. ಒಬ್ಬ ಆಟೋದವನು ನೋಡಿ, "ಅಕ್ಕ, ಅವರು ನಿಮ್ಮನ್ನ ಹತ್ತಿಸ್ಕೊಳ್ಳಲ್ಲ ಅನ್ಸುತ್ತೆ, ಬನ್ನಿ" ಎಂದ. ಮೇಡಂ ಹತ್ತಿದರು.

"ಅರ್ಧ ಗಂಟೆ ಆದ್ಮೇಲೆ ಫೋನ್ ಮಾಡಿ, 'ಎಲ್ಲಿದ್ದೀಯ, ಬಾಗಿಲು ತೆಗೆದಿದ್ದೀನಿ' ಅಂತಾರೆ. 'ಮನೇಲಿದ್ದೀನಿ, ಸಾರಿಗೆ ಒಗ್ಗರಣೆ ಹಾಕ್ತಿದ್ದೀನಿ' ಅಂದೆ" ಎಂದರು ಮೇಡಂ.

ಆದರೆ ಅವರು ಬಂದಿದ್ದು ಅದಕ್ಕಲ್ಲ. ಆವತ್ತೇ ನಮಗೆ ತಿಳಿದದ್ದು, ಆ ಕಾರು ಸಾಹೇಬ್ರದ್ದೇ ಅಲ್ಲ. ಮೇಡಂ ಅವರ ತಂದೆಯದ್ದು. ಆನೇಕಲ್ಲಿನಲ್ಲಿ ಹೈಸ್ಕೂಲ್ ಹೆಡ್ಮೇಷ್ಟ್ರಾಗಿ ನಿವೃತ್ತರಾದವರು. ಅರ್ಧ ಆಯುಷ್ಯ ಆ ಕಾರನ್ನು ತಾವೇ ತೊಳೆದು ತಾವೇ ಓಡಿಸಿದವರು. ಕೈಕಾಲು ಮೊದಲಿನಂತಿಲ್ಲ ಎಂದು ಮೂರು ವರ್ಷದ ಹಿಂದೆ ಹಿರಿಯ ಅಳಿಯನ ಕೈಗೆ ಕೀ ಇಟ್ಟಿದ್ದರು. ಈಗ ಚಿಕ್ಕ ಮಗಳ ಮದುವೆ. ಮದುಮಗಳು ಮನೆಯಿಂದ ಛತ್ರಕ್ಕೆ ತಮ್ಮ ಈ ಕಾರಿನಲ್ಲೇ ಬರಬೇಕು ಎಂದು ಮೇಷ್ಟ್ರ ಆಸೆ. ಮದುವೆಗೆ ಉಳಿದಿದ್ದದ್ದು ನಾಲ್ಕು ದಿನ.

"ಅಪ್ಪ ಕಾರ್ ಕೊಡೋವಾಗ ಹೇಳಿದ್ದು ಒಂದೇ ಮಾತು" ಎಂದರು ಮೇಡಂ, ಗಂಡನ ಕಡೆ ತಿರುಗಿ. "ಒಂದು ಸ್ಕ್ರೂ ಕೂಡ ಬದಲಾಗ್ಬಾರ್ದು ಅಂತ. ಹೇಳಿದ್ರೋ ಇಲ್ವೋ?"

ಸಾಹೇಬ್ರು ಮೊದಲ ಸಲ ಬಾಯಿ ಬಿಟ್ಟರು.

"ನಾನು ಯಾವ ಸ್ಕ್ರೂನೂ ಬದಲಾಯಿಸಿಲ್ಲ. ತೆಗೆದಿದ್ದೀನಿ ಅಷ್ಟೆ."

೬. ಮೇಷ್ಟ್ರ ಕೈ

ನಾಲ್ಕು ದಿನದಲ್ಲಿ ಹಳೇ ಹ್ಯಾಂಡಲ್ ವಾಪಸ್ ಕೂರಿಸಲು ಸಾಧ್ಯವೇ ಇರಲಿಲ್ಲ. ಬೆಸೆದ ತಗಡು ಮತ್ತೆ ಕೊಯ್ಯಬೇಕು, ಮತ್ತೆ ಬಣ್ಣ, ಮತ್ತೆ ಮೂರು ವಾರ. ಹಾಗೆಂದು ಹೇಳಿದೆ. ಮೇಡಂ, "ಹಾಗಾದ್ರೆ ಅಪ್ಪನಿಗೆ ನೀವೇ ಉತ್ತರ ಕೊಡಿ" ಎಂದು ಗಂಡನಿಗೆ ಹೇಳಿ ಆಟೋ ಹತ್ತಿ ಹೋದರು. ಸಾಹೇಬ್ರು ನನ್ನ ಸ್ಟೂಲಿನ ಮೇಲೆ ಕೂತರು. ಅಷ್ಟು ದಿನದಲ್ಲಿ ಅವರನ್ನು ನೋಡಿ ನನಗೆ ಪಾಪ ಅನ್ನಿಸಿದ್ದು ಅದೇ ಮೊದಲು. ಐಡಿ ಕಾರ್ಡನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಮ್ಮ ಮಾವ ಬೈಯೋಲ್ಲ ಕಣ್ರೀ. ಸುಮ್ಮನೆ ಒಂದ್ಸಲ ನೋಡಿ, 'ಇರ್ಲಿ ಬಿಡಪ್ಪ' ಅಂತಾರೆ. ಅದನ್ನ ತಡ್ಕೊಳ್ಳೋಕಾಗಲ್ಲ" ಎಂದರು.

ಪೇಂಟರ್ ಒಳಗೆ ಹೋಗಿ ಹಳೇ ಪೇಪರಿನ ಒಂದು ಗಂಟು ತಂದು ಬಿಚ್ಚಿದರು. ನಾಲ್ಕು ಹ್ಯಾಂಡಲ್. ಒರೆಸಿ ಇಟ್ಟಿದ್ದರು. "ಒಳ್ಳೇ ಸಾಮಾನು, ಚೆಲ್ಲಾಕ ಮನಸ್ಸು ಬರಲಿಲ್ರಿ" ಎಂದರು.

ಸಾಹೇಬ್ರ ಕಣ್ಣಿಗೆ ಬೆಳಕು ಬಂತು. "ಅಂಟಿಸಿಬಿಡಿ!"

"ಅಂಟಿಸೋದಾ?"

"ಬರೀ ಮೇಲೆ. ನೋಡೋಕೆ. ಬಾಗಿಲು ನಾನೇ ರಿಮೋಟ್‌ನಲ್ಲಿ ತೆಗೀತೀನಿ. ಮಾವ ಹ್ಯಾಂಡಲ್ ಮುಟ್ಟದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಒಂದೇ ದಿನ ಕಣ್ರೀ."

ಕೆಲಸ ಮಾಡುವ ಹ್ಯಾಂಡಲ್ ತೆಗೆಸಿ, ಕೆಲಸ ಮಾಡದ ಹ್ಯಾಂಡಲ್ ಹಾಕಿಸಿಕೊಂಡವರು ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ಹಿಂದಿನ ಬೋಲ್ಟು ಕೊಯ್ದು ಚಪ್ಪಟೆ ಮಾಡಿ, ಎರಡೂ ಕಡೆ ಅಂಟು ಇರುವ ಟೇಪು ಹಾಕಿ ನಾಲ್ಕನ್ನೂ ಅವುಗಳ ಹಳೇ ಜಾಗಕ್ಕೇ ಅಂಟಿಸಿದೆವು. ನಾಲ್ಕು ಬಾಗಿಲೂ ಒಟ್ಟಿಗೆ ಹಾರದೆ, ಒಂದು ಗುಂಡಿಗೆ ಒಂದೇ ಬಾಗಿಲು ತೆರೆಯುವ ಹಾಗೆ ಎಲೆಕ್ಟ್ರಿಷಿಯನ್ ರಿಮೋಟ್ ಬದಲಾಯಿಸಿದ. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಹತ್ತಿರದಿಂದಲೂ ಗೊತ್ತಾಗುತ್ತಿರಲಿಲ್ಲ. ಮದುವೆಗೆ ನಮಗಿಬ್ಬರಿಗೂ ಕರೆ ಬಂತು. ಪ್ರೀತಿಗೆ ಅಲ್ಲ ಅಂತ ಗೊತ್ತಿತ್ತು. ಪೇಂಟರ್ ಹೊಸ ಬಿಳಿ ಅಂಗಿಯ ಜೇಬಿನಲ್ಲಿ ಟೇಪಿನ ಉರುಳೆ ಇಟ್ಟುಕೊಂಡೇ ಬಂದರು.

ಬೆಳಿಗ್ಗೆ ಆನೇಕಲ್ಲಿನ ಛತ್ರದ ಮುಂದೆ ಕಾರು ಬಂದು ನಿಂತಾಗ ಮೇಷ್ಟ್ರನ್ನು ಮೊದಲ ಸಲ ನೋಡಿದೆ. ಎತ್ತರದ ಮನುಷ್ಯರು, ರೇಷ್ಮೆ ಜುಬ್ಬ, ಪಂಚೆ, ದಪ್ಪ ಕನ್ನಡಕ. ಸಾಹೇಬ್ರು ನಮ್ಮನ್ನು "ಕಾರಿನ ಡಾಕ್ಟ್ರು" ಎಂದು ಪರಿಚಯ ಮಾಡಿಸಿದರು. ಮೇಷ್ಟ್ರು ಎರಡೂ ಕೈ ಜೋಡಿಸಿ, "ಚೆನ್ನಾಗಿ ನೋಡ್ಕೊಂಡಿದ್ದೀರಿ, ಹಾಗೇ ಇದೆ" ಎಂದರು. ಪೇಂಟರ್ ಆಕಾಶ ನೋಡಿದರು.

ಆಮೇಲೆ ಶುರುವಾಯಿತು ಸಾಹೇಬ್ರ ಓಟ. ಮೇಷ್ಟ್ರು ಕಾರಿನ ಕಡೆ ಎರಡು ಹೆಜ್ಜೆ ಇಟ್ಟರೆ ಸಾಕು, ಎಲ್ಲಿದ್ದರೂ ಸಾಹೇಬ್ರು ಪಂಚೆ ಎತ್ತಿಕೊಂಡು ಬಂದು, ಒಂದು ಕೈ ಜೇಬಿನಲ್ಲಿ ಒತ್ತಿ, ಇನ್ನೊಂದು ಕೈಯಿಂದ ಹ್ಯಾಂಡಲ್ ಎಳೆದ ಹಾಗೆ ಗಾಳಿ ಎಳೆದು, ಬಾಗಿಲು ತೆಗೆದು ನಿಲ್ಲುತ್ತಿದ್ದರು. ವೀಳ್ಯದ ತಟ್ಟೆ ಇಡಲು ಒಮ್ಮೆ, ಶಾಲು ತರಲು ಒಮ್ಮೆ. ಮೇಷ್ಟ್ರ ತಂಗಿ ಒಬ್ಬರು ಕಣ್ಣೊರೆಸಿಕೊಂಡು, "ಈ ಕಾಲದಲ್ಲಿ ಮಾವನಿಗೆ ಇಷ್ಟು ಗೌರವ ಕೊಡೋ ಅಳಿಯ ಎಲ್ಲಿ ಸಿಗ್ತಾನೆ" ಎಂದು ನಮ್ಮ ಪಕ್ಕದಲ್ಲೇ ಹೇಳಿದರು. ತಾಳಿ ಕಟ್ಟಿದ್ದಾಯಿತು. ಎಲ್ಲವೂ ಸುಸೂತ್ರ.

ಬಿಸಿಲು ಏರಿತು. ಟೇಪಿಗೂ ಬಿಸಿಲಿಗೂ ಆಗಿಬರುವುದಿಲ್ಲ ಅನ್ನುವುದು ನನಗೆ ಗೊತ್ತಿರಬೇಕಿತ್ತು.

ನಾವು ಎರಡನೇ ಪಂಕ್ತಿಗೆ ಕೂತಿದ್ದೆವು. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಬರುತ್ತಿತ್ತು. ಸಾಹೇಬ್ರು ಸ್ಟೇಜಿನ ಮೇಲೆ ಫೋಟೋದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮದುವೆ ಫೋಟೋಗ್ರಾಫರಿನ ಕೈಗೆ ಸಿಕ್ಕವರು ಅಷ್ಟು ಸುಲಭವಾಗಿ ಬಿಡುಗಡೆಯಾಗುವುದಿಲ್ಲ. ಕಿಟಕಿಯಿಂದ ನೋಡುತ್ತೇನೆ, ಮೇಷ್ಟ್ರು ಒಬ್ಬರೇ ಕಾರಿನ ಕಡೆ ಹೋಗುತ್ತಿದ್ದಾರೆ.

"ಏಳ್ರೀ" ಎಂದೆ. ಪೇಂಟರ್ ಒಂದು ಸಲ ಹೋಳಿಗೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಎದ್ದರು.

ನಾವು ಅಂಗಳಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ಮೇಷ್ಟ್ರು ಮುಂದಿನ ಬಾಗಿಲ ಹತ್ತಿರ ನಿಂತು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. ಕೈಯಲ್ಲಿ ಹ್ಯಾಂಡಲ್ ಇತ್ತು. ಅತ್ತ ನೋಡಿದರು, ಇತ್ತ ನೋಡಿದರು. ಮೂವತ್ತಾರು ವರ್ಷ ಕಾಪಿ ಹೊಡೆಯುವ ಮಕ್ಕಳನ್ನು ಹಿಡಿದ ಮೇಷ್ಟ್ರು, ಥೇಟ್ ಕಾಪಿ ಚೀಟಿ ಬಚ್ಚಿಡುವವರ ಹಾಗೆ ಅದನ್ನು ಜುಬ್ಬದ ಜೇಬಿಗೆ ಇಳಿಸಿದರು. ಏನೂ ಆಗಿಲ್ಲವೆಂಬಂತೆ ಕೆಮ್ಮಿದರು. ನಿಧಾನಕ್ಕೆ ಹಿಂದಿನ ಬಾಗಿಲಿಗೆ ಹೋಗಿ, ಎರಡೇ ಬೆರಳಿನಿಂದ, ಮಗುವಿನ ಕೆನ್ನೆ ಹಿಡಿದ ಹಾಗೆ ಹಿಡಿದು ಎಳೆದರು. ಅದೂ ಬಂತು.

ಆಗ ನಮ್ಮನ್ನು ನೋಡಿದರು. ಕೈಸನ್ನೆ ಮಾಡಿ ಹತ್ತಿರ ಕರೆದರು.

"ನೀವು ಕಾರಿನ ಡಾಕ್ಟ್ರು ಅಲ್ವೇ?" ದನಿ ತಗ್ಗಿತ್ತು. "ಒಂದು ಅನಾಹುತ ಆಗ್ಬಿಟ್ಟಿದೆ ಕಣ್ರೀ. ಔಷಧಿ ಡಬ್ಬಿ ತಗೊಳ್ಳೋಣ ಅಂತ ಬಂದೆ. ಮೆತ್ತಗೇ ಎಳೆದೆ ನಾನು, ದೇವರಾಣೆ. ಕಿತ್ಕೊಂಡು ಬಂತು. ಸರಿ, ಈ ಕಡೆಯಿಂದ ತೆಗೆಯೋಣ ಅಂತ ಬಂದ್ರೆ..." ಜೇಬಿನಿಂದ ಒಂದು, ಮುಷ್ಟಿಯಿಂದ ಒಂದು, ಎರಡನ್ನೂ ತೋರಿಸಿದರು.

"ಪರವಾಗಿಲ್ಲ ಸಾರ್, ಅದು..."

"ಪರವಾಗಿಲ್ಲ ಅಂದ್ರೆ ಹೆಂಗ್ರೀ? ಒಂದು ಸ್ಕ್ರೂ ಅಲ್ಲಾಡಬಾರ್ದು ಅಂತ ಅವನಿಗೆ ಹೇಳಿದ್ದು ನಾನು. ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದಾನೆ. ಇವತ್ತು ಬೆಳಿಗ್ಗೆಯಿಂದ ನೋಡ್ತಿದ್ದೀನಿ, ನನ್ನ ಕೈಗೆ ತ್ರಾಸು ಆಗ್ಬಾರ್ದು ಅಂತ ಎಲ್ಲಿಂದೆಲ್ಲಿಂದಲೋ ಓಡಿ ಬಂದು ಬಾಗಿಲು ತೆಗೀತಾನೆ. ಅಂಥವನ ಕಾರನ್ನ ನಾನೇ ಮುರಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಅವನಿಗೆ ಗೊತ್ತಾಗೋದು ಬೇಡ. ಏನಾದ್ರೂ ಮಾಡಿ."

ನಿಜ ಹೇಳಬೇಕೆಂದರೆ, ಸತ್ಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ ಸುಳ್ಳು ಹೇಳುವುದು ಕಷ್ಟವಿತ್ತು. ಆದರೆ ಒಳಗೆ ಸ್ಟೇಜಿನ ಮೇಲೆ ಮದುವೆ ಹುಡುಗಿ ನಗುತ್ತಿದ್ದಳು, ಪಕ್ಕದಲ್ಲಿ ಸಾಹೇಬ್ರೂ ನಗುತ್ತಿದ್ದರು. ಸತ್ಯಕ್ಕೆ ಬೇರೆ ದಿನ ಸಿಗುತ್ತದೆ, ಮದುವೆಗೆ ಇದೊಂದೇ ದಿನ. ಪೇಂಟರ್ ಟೇಪು ಹೊರಗೆ ತೆಗೆದರು.

"ಟೇಪಲ್ಲಿ ನಿಲ್ಲುತ್ತಾ?" ಎಂದರು ಮೇಷ್ಟ್ರು, ಅನುಮಾನದಿಂದ.

"ಸದ್ಯಕ್ಕೆ ನಿಲ್ತೈತ್ರಿ ಸರ. ಆಮ್ಯಾಲ ಶೆಡ್ಡಿಗೆ ತಂದು ಗಟ್ಟಿ ಮಾಡ್ತೀವ್ರಿ."

ಮೇಷ್ಟ್ರು ನಮ್ಮಿಬ್ಬರಿಗೂ ಮರೆಯಾಗಿ ಶಾಲು ಹರಡಿ ನಿಂತು ಕಾವಲು ಕಾದರು. ಯಾರೋ ನೆಂಟರು ಬಂದಾಗ, "ಗಾಳಿಗೆ ನಿಂತಿದ್ದೀನಿ" ಎಂದು ಕಳಿಸಿದರು. ಒಂದು ಹ್ಯಾಂಡಲ್ ಕೂತಿತು. ಇನ್ನೊಂದಕ್ಕೆ ಪೇಂಟರ್ ಟೇಪು ಹರಿಯುತ್ತಿದ್ದಾಗ ಮೇಷ್ಟ್ರು ಬಾಗಿ, ಕನ್ನಡಕ ಸರಿಮಾಡಿಕೊಂಡು, ಆ ಬೋಳು ಜಾಗವನ್ನು ತುಂಬಾ ಹೊತ್ತು ನೋಡಿದರು. ಬೆರಳಿನಿಂದ ಸವರಿದರು. ಮುಗೀತು, ಮೇಷ್ಟ್ರು ಅಲ್ಲವೇ, ಕಂಡುಹಿಡಿದರು ಅಂದುಕೊಂಡೆ.

ಮೇಷ್ಟ್ರು ನೆಟ್ಟಗೆ ನಿಂತು, ಅಷ್ಟು ಬೇಸರದಲ್ಲೂ ಹೆಮ್ಮೆಯಿಂದ ನನ್ನ ಹೆಗಲು ತಟ್ಟಿದರು.

"ಆದ್ರೂ ಒಂದು ನೋಡಿದ್ರಾ? ಅಷ್ಟು ದೊಡ್ಡ ಹ್ಯಾಂಡಲ್ ಬುಡ ಸಮೇತ ಕಿತ್ಕೊಂಡು ಬಂದ್ರೂ, ತಗಡಿಗೆ ಒಂದು ತೂತಿಲ್ಲ, ಒಂದು ಗೀರಿಲ್ಲ! ಹಳೇ ಕಾಲದ ಕಬ್ಬಿಣ ಅಂದ್ರೆ ಇದು. ಈಗಿನ ಕಾರಿನಲ್ಲಿ ಸಿಗುತ್ತೇನ್ರೀ ಇದು?"

"ಇಲ್ರೀ ಸರ" ಎಂದರು ಪೇಂಟರ್, ತಲೆ ಎತ್ತದೆ. "ಈಗಿನ ಕಾರನ್ಯಾಗ ಹ್ಯಾಂಡಲ್ ಕಿತ್ರ ತೂತು ಬೀಳ್ತೈತ್ರಿ."